ಮಳೆ ಮರೆಯದ ಮೀನು

"ಯಾರೇ ಇದು, ಗಾಜಿಗೆ ಸಬ್ಬಕ್ಕಿ ಅಂಟಿಸಿದ್ದು?"

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಅಮ್ಮ ಹಾಲ್‌ನಿಂದ ನಗುತ್ತ ಕೂಗಿದಳು. ತೀರ್ಥಹಳ್ಳಿ ಕಡೆಯ ನಮ್ಮ ಊರಿನಿಂದ ಬೆಂಗಳೂರಿಗೆ ಬಂದು ವಾರವಾಗಿತ್ತು. ಎದ್ದ ಕೂಡಲೇ ಕಾಫಿ ಲೋಟ ಹಿಡಿದು ಮೀನಿನ ತೊಟ್ಟಿಯ ಮುಂದೆ ಕೂರುವುದು ಅಷ್ಟರಲ್ಲೇ ಅವಳಿಗೆ ರೂಢಿಯಾಗಿತ್ತು. ಒಲೆಯ ಮೇಲಿನ ಹಾಲನ್ನು ಹಾಗೇ ಬಿಟ್ಟು ಓಡಿಬಂದೆ. ಫಿಲ್ಟರ್‌ನ ನೀರು ಬೀಳುವ ಮೂಲೆಯಲ್ಲಿ, ಗಾಜಿನ ಒಳಮೈಗೆ, ಎರಡು ಮೂರರಂತೆ ಗುಂಪುಗುಂಪಾಗಿ ಅಂಟಿಕೊಂಡ ಸಣ್ಣ ಕಾಳುಗಳು. ಗಾತ್ರ ಸಾಸಿವೆಯದು, ಬಣ್ಣ ನೆನೆಸಿದ ಸಬ್ಬಕ್ಕಿಯದು. ಕೆಳಗೆ ಮರಳಿನ ಮೇಲೆ ಆರು ಬಿಳಿ ಮೀನುಗಳು ರಾತ್ರಿಯಿಡೀ ಮದುವೆಮನೆಯಲ್ಲಿ ಓಡಾಡಿದವರ ಹಾಗೆ ಸುಸ್ತಾಗಿ ಮಲಗಿದ್ದವು. ಅಡುಗೆಮನೆಯಲ್ಲಿ ಹಾಲು ಉಕ್ಕಿ ಚೆಲ್ಲಿತು. ನಾವಿಬ್ಬರೂ ಏಳಲಿಲ್ಲ.

ಹದಿನಾಲ್ಕು ತಿಂಗಳಿಂದ ನಾನು ಕಾಯುತ್ತಿದ್ದ ಮೊಟ್ಟೆಗಳವು. ಹಿಂದಿನ ಸಂಜೆ ಆ ವರ್ಷದ ಮೊದಲ ದೊಡ್ಡ ಗುಡುಗುಮಳೆ ಬಿದ್ದಿತ್ತು.

ಈ ಮೀನಿನ ಹೆಸರು ಆಲ್ಬಿನೋ ಕೋರಿಡೋರಸ್. ಅಂಗಡಿಗಳಲ್ಲಿ 'ಕೋರಿ' ಎಂದರೆ ಸಾಕು, ತೋರಿಸುತ್ತಾರೆ. ಬೆಳೆದದ್ದು ಆರೇಳು ಸೆಂಟಿಮೀಟರ್, ಹೆಚ್ಚೆಂದರೆ ನಮ್ಮ ಕಿರುಬೆರಳಿನಷ್ಟು. ಮೈ ಹಾಲುಗೆನೆಯ ಬಣ್ಣ, ಅದರೊಳಗಿಂದ ತುಸು ಗುಲಾಬಿ. ಕಣ್ಣು ದಾಳಿಂಬೆ ಕಾಳು. ಬಾಯಿಯ ಸುತ್ತ ಮೀಸೆಗಳು, ಇದು ಕ್ಯಾಟ್‌ಫಿಶ್ ಕುಲಕ್ಕೆ ಸೇರಿದ್ದು. ಕ್ಯಾಟ್‌ಫಿಶ್ ಎಂದರೆ ನಮ್ಮಲ್ಲಿ ಬಹಳ ಜನ ಮುಖ ಸಿಂಡರಿಸುತ್ತಾರೆ. ನಿಷೇಧವಿದ್ದರೂ ಕದ್ದುಮುಚ್ಚಿ ಕೋಳಿ ಅಂಗಡಿಯ ತ್ಯಾಜ್ಯ ಹಾಕಿ ಬೆಳೆಸುವ ಆಫ್ರಿಕನ್ ಕ್ಯಾಟ್‌ಫಿಶ್ ಹೊಂಡಗಳ ಸುದ್ದಿ ಪತ್ರಿಕೆಯಲ್ಲಿ ಓದಿ ಓದಿ ಆ ಹೆಸರಿಗೇ ಹೇಸಿಗೆ ಅಂಟಿಬಿಟ್ಟಿದೆ. ಕೋರಿಗೆ ಆ ದೈತ್ಯನ ಜೊತೆ ಇರುವುದು ಮೀಸೆಯ ನಂಟು ಮಾತ್ರ. ಇದು ಯಾರನ್ನೂ ಬೇಟೆಯಾಡುವುದಿಲ್ಲ. ಇಡೀ ದಿನ ಮರಳಲ್ಲಿ ಮೂಗು ಹುದುಗಿಸಿ, ಬಾಯ್ತುಂಬ ಮರಳು ತೆಗೆದುಕೊಂಡು, ತಿನ್ನುವಂಥದ್ದನ್ನು ಉಳಿಸಿಕೊಂಡು, ಮಿಕ್ಕಿದ್ದನ್ನು ಕಿವಿರಿನಿಂದ ಹೊರಬಿಡುತ್ತದೆ. ಅಕ್ಕಿ ಕೇರುವ ಹೆಂಗಸರ ಕೈಯ ಲಯ ಅದರ ಬಾಯಿಗಿದೆ.

ಇದರ ಮೂಲ ದಕ್ಷಿಣ ಅಮೆರಿಕ. 1858ರಲ್ಲಿ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಥಿಯೋಡೋರ್ ಗಿಲ್ ಟ್ರಿನಿಡಾಡ್ ದ್ವೀಪದಿಂದ ಬಂದ ಮಾದರಿಗಳನ್ನು ನೋಡಿ ಇದಕ್ಕೆ 'ಏನಿಯಸ್' ಎಂಬ ಹೆಸರಿಟ್ಟ. ಕಂಚಿನಂಥದ್ದು ಎಂದು ಅದರ ಅರ್ಥ. ಏಕೆಂದರೆ ಹೊಳೆಯಲ್ಲಿರುವ ಮೂಲ ಮೀನು ಬಿಳಿಯದಲ್ಲ. ಬೆನ್ನು ಬೂದುಗಂದು, ಪಕ್ಕೆಗಳ ಮೇಲೆ ಬೆಳಕು ಬಿದ್ದರೆ ಹಸಿರು ಕಂಚಿನ ಹೊಳಪು. ಕೋರಿಡೋರಸ್ ಎಂಬ ಮಾತು ಗ್ರೀಕಿನದು, ಶಿರಸ್ತ್ರಾಣ ಮತ್ತು ಚರ್ಮ ಎಂಬರ್ಥದ ಎರಡು ಪದಗಳಿಂದ ಆದದ್ದು. ಇದರ ಮೈಮೇಲೆ ನಮ್ಮ ಹೊಳೆಮೀನುಗಳ ಹಾಗೆ ಹುರುಪೆಯಿಲ್ಲ. ಮೂಳೆಯ ಪಟ್ಟಿಗಳು ಎರಡು ಸಾಲಾಗಿ, ಒಂದರ ಮೇಲೊಂದು ಹೆಂಚು ಹೊದಿಸಿದಂತೆ ಕೂತಿವೆ. 2024ರಲ್ಲಿ ವಿಜ್ಞಾನಿಗಳು ಕೋರಿಡೋರಸ್ ಎಂಬ ದೊಡ್ಡ ಕುಟುಂಬವನ್ನು ಪಾಲು ಮಾಡಿ ಕಂಚು ಕೋರಿಯನ್ನು 'ಆಸ್ಟಿಯೋಗ್ಯಾಸ್ಟರ್' ಎಂಬ ಬೇರೆ ಮನೆಗೆ ಕಳಿಸಿದ್ದಾರೆ. ಸಾಕುವವರ ಬಾಯಲ್ಲಿ ಮಾತ್ರ ಅದು ಕೋರಿಯಾಗಿಯೇ ಉಳಿದಿದೆ, ನಾನೂ ಹಾಗೇ ಕರೆಯುತ್ತೇನೆ.

ಟ್ರಿನಿಡಾಡ್‌ನಲ್ಲಿ ಕೋರಿಯ ದೊಡ್ಡಣ್ಣನಂಥ ಒಂದು ಮೀನಿದೆ, ಕ್ಯಾಸ್ಕಡೂರಾ. ಅದಕ್ಕೂ ಇದೇ ಮೂಳೆಯ ಕವಚ. ಕಬ್ಬಿನ ತೋಟಗಳ ಕೂಲಿಗೆಂದು ಹಡಗು ಹತ್ತಿ ಹೋದ ಭಾರತೀಯರ ಮೊಮ್ಮಕ್ಕಳು ಇವತ್ತಿಗೂ ಅಲ್ಲಿ ಅದರ ಸಾರು ಮಾಡುತ್ತಾರೆ. ಅದನ್ನು ಒಮ್ಮೆ ಉಂಡವರು ಎಲ್ಲೇ ಅಲೆದರೂ ಕೊನೆಯ ದಿನಗಳಿಗೆ ಟ್ರಿನಿಡಾಡ್‌ಗೇ ಮರಳುತ್ತಾರೆ ಎಂಬ ನಂಬಿಕೆ ಆ ದ್ವೀಪದಲ್ಲಿದೆ. ಅಮ್ಮನಿಗೆ ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಊರು ಬಿಟ್ಟೋರು ಕಟ್ಟಿದ ಮಾತೇ ಅದು" ಅಂದಳು.

ಬಣ್ಣ ಹೋದದ್ದು ಹೇಗೆ? ಮೈಯ ಕಪ್ಪು, ಕಂದು ಬಣ್ಣಕ್ಕೆ ಕಾರಣವಾದ ಮೆಲನಿನ್ ಎಂಬ ದ್ರವ್ಯವನ್ನು ತಯಾರಿಸುವ ದಾರಿಯಲ್ಲಿ ಒಂದು ಜೀನ್ ಕೆಲಸ ನಿಲ್ಲಿಸಿದರೆ ಮರಿ ಬಿಳಿಯಾಗಿ ಹುಟ್ಟುತ್ತದೆ. ಕಣ್ಣಿನಲ್ಲೂ ಬಣ್ಣವಿಲ್ಲದ್ದರಿಂದ ಒಳಗಿನ ರಕ್ತನಾಳಗಳೇ ಕೆಂಪಾಗಿ ಕಾಣುತ್ತವೆ. ಬಿಳಿಯದೆಲ್ಲ ಆಲ್ಬಿನೋ ಅಲ್ಲ. ಬನ್ನೇರುಘಟ್ಟದ ಬಿಳಿ ಹುಲಿಗೆ ಕಪ್ಪು ಪಟ್ಟೆಗಳಿವೆ, ಕಣ್ಣು ನೀಲಿ, ಅದು ಆಲ್ಬಿನೋ ಅಲ್ಲ. ಕೋರಿ ನಿಜವಾದ ಆಲ್ಬಿನೋ. ಕಾಡಿನ ಹೊಳೆಯಲ್ಲಿ ಇಂಥ ಮರಿ ಹುಟ್ಟಿದರೂ ಕಂದು ಕೆಸರಿನ ಮೇಲೆ ದೀಪದ ಹಾಗೆ ಕಂಡು, ಕೊಕ್ಕರೆಗೋ ದೊಡ್ಡ ಮೀನಿಗೋ ಮೊದಲ ತುತ್ತಾಗುತ್ತದೆ. ಮನುಷ್ಯರ ತೊಟ್ಟಿಯಲ್ಲಿ ಆ ಭಯವಿಲ್ಲ. ಯಾರೋ ಎತ್ತಿಟ್ಟರು, ಬಿಳಿಗೆ ಬಿಳಿಯನ್ನೇ ಜೋಡಿ ಮಾಡಿದರು. ಇವತ್ತು ಬೆಂಗಳೂರಿನ ಅಂಗಡಿಗೆ ಬರುವ ಬಿಳಿ ಕೋರಿಗಳು ತೊಟ್ಟಿಯಲ್ಲೇ ಹುಟ್ಟಿದ ತಂದೆತಾಯಿಯರ ತೊಟ್ಟಿಯ ಮಕ್ಕಳು. ಹೊಳೆಯನ್ನು ಕಂಡ ಅಜ್ಜ ಎಷ್ಟು ತಲೆಮಾರು ಹಿಂದಿನವನೋ.

ಹದಿನಾಲ್ಕು ತಿಂಗಳು ನನ್ನನ್ನು ಕಾಡಿದ ಪ್ರಶ್ನೆ ಇಲ್ಲಿಯದೇ. ಹೊಳೆ ಕಾಣದ, ಮಳೆಯ ಕೆಳಗೆ ಒಂದು ದಿನವೂ ಬದುಕದ ಈ ಮೀನಿನ ಮೈಯಲ್ಲಿ ಹೊಳೆಯದು ಏನಾದರೂ ಉಳಿದಿದೆಯೇ?

ಉಳಿದದ್ದು ಬಹಳ ಇದೆ ಎಂದು ಸಾಕುತ್ತ ಸಾಕುತ್ತ ತಿಳಿಯಿತು. ಮೊದಲು ತಂದದ್ದು ಎರಡೇ ಮೀನು. ಅವು ಫಿಲ್ಟರ್‌ನ ಹಿಂದೆ ಸೇರಿಕೊಂಡು ಹೊರಗೇ ಬರುತ್ತಿರಲಿಲ್ಲ. ಇನ್ನು ನಾಲ್ಕನ್ನು ತಂದು ಬಿಟ್ಟ ಸಂಜೆಯೇ ಆರೂ ಸೇರಿ ತೊಟ್ಟಿಯ ಉದ್ದಕ್ಕೂ ಸಾಲು ಕಟ್ಟಿದವು. ಹೊಳೆಯಲ್ಲಿ ಇವು ದೊಡ್ಡ ಹಿಂಡಾಗಿ ಬದುಕುವಂಥವು. ಆರಕ್ಕಿಂತ ಕಡಿಮೆ ಸಾಕಿದರೆ ಅದು ಅವುಗಳ ಪಾಲಿಗೆ ಒಂಟಿ ಕೋಣೆ. ಹಾಗೆಯೇ ತಳದಲ್ಲಿ ಮೊದಲು ನಾನು ಹಾಕಿದ್ದು ಅಂಗಡಿಯಲ್ಲಿ ಕೊಟ್ಟ ಬಣ್ಣದ ಕಲ್ಲು. ತಿಂಗಳೊಳಗೆ ಮೀಸೆಗಳು ಸವೆದು ಮೋಟಾದವು. ಚೂಪು ಕಲ್ಲಿಗಿಂತಲೂ ಕಲ್ಲಿನ ಸಂದಿಯಲ್ಲಿ ಕೊಳೆಯುವ ತಿಂಡಿ, ಅದರಿಂದ ಕೆಡುವ ನೀರು ಮೀಸೆಗೆ ಹೆಚ್ಚು ಕೆಟ್ಟದ್ದು. ಕಲ್ಲೆಲ್ಲ ತೆಗೆದು, ಜರಡಿ ಹಿಡಿದು ಹತ್ತು ನೀರಲ್ಲಿ ತೊಳೆದ ನಯವಾದ ಮರಳು ಹಾಸಿದ ಮೇಲೆ ಮೀಸೆ ನಿಧಾನಕ್ಕೆ ಮತ್ತೆ ಬೆಳೆಯಿತು.

ಇನ್ನೊಂದು ಸಂಗತಿ ನೋಡಿದವರೆಲ್ಲ ಕೇಳುವಂಥದ್ದು. ತಳದಲ್ಲಿ ಮೇಯುತ್ತಿರುವ ಮೀನು ಇದ್ದಕ್ಕಿದ್ದಂತೆ ಬಾಣದ ಹಾಗೆ ಮೇಲಕ್ಕೆ ನುಗ್ಗಿ, ಒಂದು ಗುಟುಕು ಗಾಳಿ ಕುಡಿದು, ಅಷ್ಟೇ ವೇಗದಲ್ಲಿ ಕೆಳಗಿಳಿಯುತ್ತದೆ. ನೀರಲ್ಲಿ ಆಮ್ಲಜನಕ ಕಡಿಮೆಯಾದಾಗ ಇದು ಕರುಳಿನಿಂದ ಉಸಿರಾಡುತ್ತದೆ. ನುಂಗಿದ ಗಾಳಿಯಲ್ಲಿನ ಆಮ್ಲಜನಕವನ್ನು ಕರುಳಿನ ಹಿಂಭಾಗದ ತೆಳು ಗೋಡೆಯ ರಕ್ತನಾಳಗಳು ಹೀರಿಕೊಂಡು, ಉಳಿದದ್ದು ಹಿಂದಿನಿಂದ ಹೊರಹೋಗುತ್ತದೆ. ಬೇಸಿಗೆಯಲ್ಲಿ ಬತ್ತುವ ಹೊಂಡಗಳಲ್ಲಿ ಬದುಕಿ ಉಳಿಯಲು ಕಲಿತ ವಿದ್ಯೆ ಇದು. ನನ್ನ ತೊಟ್ಟಿಯಲ್ಲಿ ಹಗಲೂ ರಾತ್ರಿ ಏರ್ ಪಂಪ್ ಓಡುತ್ತದೆ. ಆದರೂ ಅವು ಮೇಲೆ ಹೋಗಿ ಬರುವುದನ್ನು ಬಿಟ್ಟಿಲ್ಲ. ಮೇಲೆ ಮುಚ್ಚಳದ ಕೆಳಗೆ ಒಂದಿಷ್ಟು ಗಾಳಿಯ ಜಾಗ ಬಿಡುವುದು ಅದಕ್ಕೇ.

ಇಲ್ಲಿ ಒಂದು ನೋವಿನ ಮಾತು ಹೇಳಿಯೇ ಮುಂದೆ ಹೋಗಬೇಕು. ನನ್ನ ಆರರಲ್ಲಿ ಒಂದು, ಅಂಗಡಿಯಿಂದ ತರುವಾಗ ಬಿಳಿಯಾಗಿರಲಿಲ್ಲ. ಬೆನ್ನ ಮೇಲೆ ಕಡುಗುಲಾಬಿಯ ಪಟ್ಟೆ ಇತ್ತು. "ಇದು ಹೊಸ ತಳಿ" ಎಂದರು. ಮಗಳು ಆಸೆಪಟ್ಟಳು, ತಂದೆವು. ಮೂರ್ನಾಲ್ಕು ತಿಂಗಳಲ್ಲಿ ಆ ಪಟ್ಟೆ ಮಾಸಿ ಮಾಸಿ ಮಾಯವಾಯಿತು. ಆಮೇಲೆ ಓದಿದಾಗ ಗೊತ್ತಾದದ್ದು: ಆ ಬಣ್ಣ ಸೂಜಿಯಿಂದ ಚುಚ್ಚಿ ಚರ್ಮದಡಿ ತುಂಬಿದ್ದು. ಇನ್ನು ಕೆಲವು ಕಡೆ ಮೈಯ ಲೋಳೆಯನ್ನು ರಾಸಾಯನಿಕದಲ್ಲಿ ಅದ್ದಿ ಕಿತ್ತು, ಬಣ್ಣದ ನೀರಲ್ಲಿ ಮುಳುಗಿಸುತ್ತಾರೆ. ಬಿಳಿ ಮೈ ಕಾಗದದ ಹಾಗೆ ಬಣ್ಣ ತೋರಿಸುತ್ತದೆ ಎಂಬ ಕಾರಣಕ್ಕೇ ಆಲ್ಬಿನೋ ಕೋರಿ ಈ ಹಿಂಸೆಗೆ ಹೆಚ್ಚು ಸಿಗುತ್ತದೆ. ನಮ್ಮ ದೇಶದ ಹೊಳೆ ಕೆರೆಗಳ, ಗಾಜಿನಂತೆ ಪಾರದರ್ಶಕವಾದ ಪುಟ್ಟ ಗ್ಲಾಸ್‌ಫಿಶ್‌ನದೂ ಇದೇ ಪಾಡು. ಮೀನಿನ ಲೋಳೆ ಎಂದರೆ ಅದರ ಚರ್ಮದ ಮೇಲಿನ ಚರ್ಮ, ರೋಗ ಒಳಗೆ ಬರದಂತೆ ತಡೆಯುವ ಬಾಗಿಲು. ಅದನ್ನು ಸುಲಿದ ಮೀನುಗಳಲ್ಲಿ ಎಷ್ಟು ಸಾಯುತ್ತವೋ ಅಂಗಡಿಗೆ ಬಂದವರ ಕಣ್ಣಿಗೆ ಬೀಳುವುದಿಲ್ಲ. ಕೋರಿಗೆ ಕಡುಗುಲಾಬಿ, ಕಡುಹಸಿರು, ಕಡುನೀಲಿಯ ತಳಿ ಇಲ್ಲ. ಅಂಥದ್ದು ಕಂಡರೆ ಕೊಳ್ಳಬೇಡಿ. ಅಂಗಡಿಯವರಿಗೆ ಬಾಯಿ ಬಿಟ್ಟು ಹೇಳಿ, ಮಕ್ಕಳಿಗೂ ಹೇಳಿ. ನನ್ನ ಮಗಳಿಗೆ ಆಗ ಎಂಟು ವರ್ಷ. ವಿಷಯ ತಿಳಿದ ದಿನ ಅವಳು ತೊಟ್ಟಿಯ ಗಾಜಿಗೆ ಹಣೆ ಒತ್ತಿಕೊಂಡು ಬಹಳ ಹೊತ್ತು ಕೂತಿದ್ದಳು.

ಆ ಮೀನು ಬದುಕಿತು. ಆರರಲ್ಲಿ ದೊಡ್ಡ ಹೆಣ್ಣು ಅದೇ.

ಗಂಡು ಹೆಣ್ಣು ಗುರುತಿಸುವುದಕ್ಕೆ ಮೇಲಿನಿಂದ ನೋಡಬೇಕು. ಹೆಣ್ಣು ಅಗಲ, ಹೊಟ್ಟೆ ಎರಡೂ ಬದಿಗೆ ಉಬ್ಬಿರುತ್ತದೆ. ಗಂಡು ಸಣ್ಣದು, ಕಡ್ಡಿಯಂತೆ ನೇರ. ಒಂದು ಹೆಣ್ಣಿಗೆ ಎರಡು ಗಂಡು ಇದ್ದರೆ ಒಳ್ಳೆಯದು. ನನ್ನಲ್ಲಿ ಎರಡು ಹೆಣ್ಣು, ನಾಲ್ಕು ಗಂಡು, ಅದೃಷ್ಟಕ್ಕೆ ಹಾಗೆ ಕೂಡಿಬಂದಿತ್ತು. ವರ್ಷ ತುಂಬಿ ಮೈನೆರೆದ ಮೇಲೆ ಮೊಟ್ಟೆಗೆ ಬೇಕಾದ ಪುಷ್ಟಿ ಕೊಡಬೇಕು. ಒಣ ತಿಂಡಿಯೊಂದರಿಂದಲೇ ಆಗದು. ಹೆಪ್ಪುಗಟ್ಟಿಸಿದ ಬ್ಲಡ್‌ವರ್ಮ್, ಮಳೆನೀರಿನ ಬಕೆಟ್‌ನಲ್ಲಿ ಸಿಕ್ಕ ಸೊಳ್ಳೆಮರಿ, ಇವನ್ನು ವಾರಕ್ಕೆ ಮೂರ್ನಾಲ್ಕು ಸಲ ಕೊಟ್ಟೆ. ಚರಂಡಿಯಿಂದ ತೆಗೆದ ಟ್ಯೂಬಿಫೆಕ್ಸ್ ಹುಳು ಅಗ್ಗಕ್ಕೆ ಸಿಗುತ್ತದೆ, ಅದರ ಜೊತೆ ಚರಂಡಿಯ ರೋಗವೂ ಬರುತ್ತದೆ, ನಾನು ಮುಟ್ಟುವುದಿಲ್ಲ.

ಹೆಣ್ಣುಗಳು ತುಂಬಿಕೊಂಡವು. ಆದರೆ ಮೊಟ್ಟೆಯಿಲ್ಲ.

ಕೋರಿ ಮೊಟ್ಟೆ ಇಡುವುದು ಮಳೆಗಾಲದ ಸೂಚನೆ ಸಿಕ್ಕಾಗ. ಬತ್ತಿದ ಹೊಳೆಗೆ ಹೊಸ ನೀರು ಬರುತ್ತದೆ, ಆ ನೀರು ತಣ್ಣಗಿರುತ್ತದೆ, ಲವಣ ಕಡಿಮೆಯಿರುತ್ತದೆ, ಹರಿವು ಹೆಚ್ಚುತ್ತದೆ, ಮೋಡ ಕವಿದಾಗ ಗಾಳಿಯ ಒತ್ತಡ ಇಳಿಯುತ್ತದೆ. ಮರಿಗೆ ಸಾಕಷ್ಟು ಮೇವು ಸಿಗುವ ಕಾಲ ಬಂತು ಎಂದು ಮೀನಿಗೆ ತಿಳಿಯುವುದು ಹೀಗೆ. ಸಾಕುವವರು ಇದನ್ನು ಅನುಕರಿಸುತ್ತಾರೆ. ತೊಟ್ಟಿಯ ಅರ್ಧ ನೀರು ತೆಗೆದು, ಮೂರರಿಂದ ಐದು ಡಿಗ್ರಿ ತಣ್ಣಗಿನ ನೀರು ತುಂಬುವುದು. ನಾನು ಪ್ರತಿ ಭಾನುವಾರ ಇದನ್ನು ಶ್ರದ್ಧೆಯಿಂದ ಮಾಡಿದೆ. ಕಾವೇರಿ ನೀರನ್ನು ಒಂದು ದಿನ ಬಕೆಟ್‌ನಲ್ಲಿ ಗಾಳಿ ಹಾಯಿಸಿ ಇಟ್ಟು, ಕ್ಲೋರಿನ್ ತೆಗೆಯುವ ಹನಿಯನ್ನೂ ಹಾಕಿ, ಐಸ್ ತುಂಡುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ತೇಲಿಬಿಟ್ಟು, ಥರ್ಮಾಮೀಟರ್ ಹಿಡಿದು. ಮೀನುಗಳು ಸ್ವಲ್ಪ ಹೊತ್ತು ಚುರುಕಾಗಿ ಓಡಾಡುತ್ತಿದ್ದವು, ಆಮೇಲೆ ತಣ್ಣಗಾಗುತ್ತಿದ್ದವು.

ಅಮ್ಮ ಬಂದ ಮೊದಲ ಭಾನುವಾರ ಈ ಸಾಹಸವನ್ನು ಕೂತು ನೋಡಿದಳು. ಹೊರಗೆ ಕೆಂಡದಂಥ ಬಿಸಿಲು.

"ಏನು ಮಾಡ್ತಿದ್ದೀಯೇ?"

"ಮಳೆ ಬರಿಸ್ತಿದ್ದೀನಮ್ಮ."

"ಮಳೆ ಭಾನುವಾರ ನೋಡ್ಕೊಂಡು ಬರತ್ತಾ?"

ಅಮ್ಮನಿಗೆ ಇಂಥ ಮಾತು ಹೇಳುವ ಅಧಿಕಾರವಿದೆ. ಅವಳು ಹತ್ತುಮೀನಿನ ಸೀಮೆಯವಳು. ಮಲೆನಾಡಿನಲ್ಲಿ ಮುಂಗಾರಿನ ಮೊದಲ ಮಳೆಗಳು ಹಿಡಿದು ಹಳ್ಳಗಳು ಕೆಂಪಾಗಿ ಏರಿದಾಗ, ಹೊಟ್ಟೆತುಂಬ ಮೊಟ್ಟೆಯಿರುವ ಮೀನುಗಳು ಹೊಳೆ ಬಿಟ್ಟು ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತವೆ. ರಾತ್ರಿ ಬ್ಯಾಟರಿ ಹಿಡಿದು ಗಂಡಸರೆಲ್ಲ ಗದ್ದೆ ಬದುಗಳ ಮೇಲೆ. ನೀರು ಬೀಳುವ ಕಂಡಿಗಳಲ್ಲಿ ಮೀನು ಹಿಡಿಯುವ ಬಿದಿರಿನ ಕೂಣಿ. ನಮ್ಮಪ್ಪ ಸಂಜೆ ಜಗುಲಿಯ ಮೇಲೆ ನಿಂತು ಗಾಳಿಗೆ ಮುಖ ಒಡ್ಡಿ, "ಇವತ್ತು ಹತ್ತುತ್ತವೆ" ಎನ್ನುತ್ತಿದ್ದ. ಹೆಚ್ಚು ಕಡಿಮೆ ಸರಿಯಾಗಿಯೇ ಇರುತ್ತಿತ್ತು. ಗಾಳಿಯ ದಿಕ್ಕು, ಗೆದ್ದಲು ಏಳುವುದು, ಸೆಕೆಯ ಒಂದು ವಿಶೇಷ ಭಾರ, ಯಾವುದನ್ನು ನೋಡಿ ಹೇಳುತ್ತಿದ್ದನೋ. ಮೊಟ್ಟೆ ಇಡಲು ಹೊರಟ ಮೀನನ್ನು ಹಿಡಿಯುವುದು ಸರಿಯಲ್ಲ ಎಂದು ಇವತ್ತು ನನಗೆ ಅನ್ನಿಸುತ್ತದೆ, ಆದರೆ ಹೊಳೆಮೀನಿಗೆ ಮಳೆ ಎಂದರೆ ಏನು ಎಂಬುದನ್ನು ನಾನು ಮೊದಲು ಕಂಡದ್ದು ಆ ಬದುವಿನ ಮೇಲೆ, ಅಪ್ಪನ ಕಂಬಳಿಕೊಪ್ಪೆಯೊಳಗೆ ನಿಂತು.

ಅಮ್ಮನ ಮಾತಿಗೆ ಆಮೇಲೆ ಐಸ್ ಮುಟ್ಟಲಿಲ್ಲ. ಗುರುವಾರ ಮಧ್ಯಾಹ್ನದಿಂದ ಸೆಕೆ ಉಸಿರುಗಟ್ಟಿಸುವಂತಿತ್ತು. ನಾಲ್ಕೂವರೆಗೆ ತೆಂಗಿನ ಗರಿಗಳು ಒಂದೇ ಸಲ ತಿರುಗಿದವು. ಅಮ್ಮ ಬಾಲ್ಕನಿಯಿಂದಲೇ, "ಈಗ ಹಾಕೇ ನಿನ್ನ ನೀರು" ಎಂದಳು. ಅರ್ಧ ತೊಟ್ಟಿ ತೆಗೆದು, ತಣ್ಣಗಿನ ನೀರನ್ನು ಸಣ್ಣ ಕೊಳವೆಯಲ್ಲಿ ಮೇಲಿನಿಂದ ಸಣ್ಣಗೆ ಬಿಟ್ಟೆ. ಇನ್ನೊಂದು ಬಕೆಟ್ ಇರುವಾಗಲೇ ಮೊದಲ ಗುಡುಗು. ಕರೆಂಟು ಹೋಯಿತು. ಮೇಣದ ಬತ್ತಿಯ ಬೆಳಕಿನಲ್ಲಿ ಆರೂ ಮೀನುಗಳು ಗಾಜನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಉಜ್ಜುತ್ತ ಹುಚ್ಚೆದ್ದು ಓಡತೊಡಗಿದವು.

ಆಮೇಲೆ ನಡೆದದ್ದನ್ನು ಮೊದಲು ಪುಸ್ತಕದಲ್ಲಿ ಓದಿದ್ದೆ, ನಂಬಿರಲಿಲ್ಲ. ಗಂಡುಗಳು ಹೆಣ್ಣಿನ ಬೆನ್ನು, ತಲೆಯ ಮೇಲೆ ಮೀಸೆ ಆಡಿಸುತ್ತ ಬೆನ್ನಟ್ಟಿದವು. ಸ್ವಲ್ಪ ಹೊತ್ತಿಗೆ ಹೆಣ್ಣೇ ಒಂದು ಗಂಡಿನ ಪಕ್ಕಕ್ಕೆ ಬಂದು ಅದರ ಹೊಟ್ಟೆಯ ಕೆಳಗೆ ಬಾಯಿ ಒತ್ತಿತು. ಗಂಡು ಅಡ್ಡವಾಗಿ ನಿಂತಿತು. ಎರಡೂ ಸೇರಿ ಇಂಗ್ಲಿಷಿನ 'ಟಿ' ಅಕ್ಷರದ ಆಕಾರ. ಗಂಡು ತನ್ನ ಪಕ್ಕದ ರೆಕ್ಕೆಯಿಂದ ಹೆಣ್ಣಿನ ಮೀಸೆಗಳನ್ನು ಮೈಗೆ ಒತ್ತಿ ಹಿಡಿಯಿತು. ಕೆಲವು ಸೆಕೆಂಡು ಎರಡೂ ನಡುಗುತ್ತ ಸ್ತಬ್ಧ. ಆ ಹೊತ್ತಿನಲ್ಲಿ ಹೆಣ್ಣು ತನ್ನ ಹೊಟ್ಟೆಯ ಕೆಳಗಿನ ಎರಡು ರೆಕ್ಕೆಗಳನ್ನು ಬೊಗಸೆಯ ಹಾಗೆ ಜೋಡಿಸಿ, ಅದರೊಳಗೆ ಎರಡೋ ಮೂರೋ ಮೊಟ್ಟೆ ಇಳಿಸಿತು. ಬೊಗಸೆ ಬಿಗಿಹಿಡಿದು ಈಜಿ ಹೋಗಿ, ಗಾಜಿನ ಒಂದು ಜಾಗವನ್ನು ಬಾಯಿಯಿಂದ ಉಜ್ಜಿ ಚೊಕ್ಕಟ ಮಾಡಿ, ಅಲ್ಲಿ ಹೊಟ್ಟೆ ಒತ್ತಿ ಮೊಟ್ಟೆ ಅಂಟಿಸಿತು. ಮತ್ತೆ ಬಂತು. ಮತ್ತೆ ಹೋಯಿತು. ಕರೆಂಟು ಬಂದು, ನಾವು ಊಟ ಮುಗಿಸಿ ಮಲಗುವವರೆಗೂ ನಡೆದೇ ಇತ್ತು.

ಗಂಡಿನ ವೀರ್ಯ ಆ ಬೊಗಸೆಯನ್ನು ಸೇರುವುದು ಹೇಗೆ? ಇಬ್ಬರ ನಡುವೆ ಅಷ್ಟು ದೂರವಿದೆ, ಹೆಣ್ಣಿನ ಬಾಯಿಯಿರುವುದು ಗಂಡಿನ ಹತ್ತಿರ, ಮೊಟ್ಟೆಯಿರುವುದು ಹಿಂದೆ. 1995ರಲ್ಲಿ ಜಪಾನಿನ ಮಸನೋರಿ ಕೋಹ್ಡಾ ಮತ್ತು ಸಂಗಡಿಗರು ಕಂಚು ಕೋರಿಯ ಮೇಲೆಯೇ ಅಧ್ಯಯನ ನಡೆಸಿ ಇದಕ್ಕೆ ಉತ್ತರ ಪ್ರಕಟಿಸಿದರು. ಹೆಣ್ಣು ವೀರ್ಯವನ್ನು ಕುಡಿಯುತ್ತದೆ. ಅದು ಜೀರ್ಣವಾಗದೆ ಕರುಳಿನುದ್ದಕ್ಕೂ ಹಾದು ಹಿಂದಿನಿಂದ ಹೊರಬಂದು, ರೆಕ್ಕೆಯ ಬೊಗಸೆಯಲ್ಲಿ ಕಾದಿರುವ ಮೊಟ್ಟೆಗಳನ್ನು ಸೇರುತ್ತದೆ. ಅದನ್ನು ಖಚಿತಪಡಿಸಲು ಅವರು ಕೂಡುವ ಹೊತ್ತಿನಲ್ಲಿ ಹೆಣ್ಣಿನ ಬಾಯಿಯ ಬಳಿ ನೀಲಿ ಬಣ್ಣ ಬಿಟ್ಟು ನೋಡಿದರು. ಸುಮಾರು ನಾಲ್ಕು ಸೆಕೆಂಡಿನಲ್ಲಿ ನೀಲಿ ಹಿಂದಿನಿಂದ ಹೊರಬಂತು. ಗಾಳಿ ಕುಡಿದು ಉಸಿರಾಡುವ ಅದೇ ಕರುಳು ಇಲ್ಲಿ ವಂಶದ ದಾರಿಯೂ ಆಗಿದೆ. ಜೀವಲೋಕದ ಬಗ್ಗೆ ನಾನು ಓದಿದ್ದರಲ್ಲಿ ಇಷ್ಟು ಬೆರಗು ಹುಟ್ಟಿಸಿದ್ದು ಕಡಿಮೆ. ಇದು ನಡೆಯುವುದನ್ನು ನೋಡಲು ಯಾವ ಕಾಡಿಗೂ ಹೋಗಬೇಕಿರಲಿಲ್ಲ, ಸೋಫಾದ ಪಕ್ಕದಲ್ಲೇ ನಡೆಯುತ್ತಿತ್ತು.

ಬೆಳಿಗ್ಗೆ ಎಣಿಸಿದರೆ ನೂರಾ ನಲವತ್ತರ ಸುತ್ತಮುತ್ತ. ತಂದೆತಾಯಿಗೆ ಮೊಟ್ಟೆಯ ಮೇಲೆ ಮಮತೆಯಿಲ್ಲ, ಹಸಿವಾದರೆ ತಿಂದುಬಿಡುತ್ತವೆ. ಆದ್ದರಿಂದ ತೆಗೆಯಲೇಬೇಕು. ಇಟ್ಟ ಕೂಡಲೇ ಮುಟ್ಟಿದರೆ ಒಡೆಯುತ್ತವೆ, ಕೆಲವು ಗಂಟೆ ಕಳೆದರೆ ಸಿಪ್ಪೆ ಗಟ್ಟಿಯಾಗಿ ರಬ್ಬರಿನಂತಾಗುತ್ತದೆ. ಆಗ ತೋರುಬೆರಳ ತುದಿಯಿಂದ ಮೆಲ್ಲಗೆ ಉರುಳಿಸಿದರೆ ಬೆರಳಿಗೇ ಅಂಟಿಕೊಂಡು ಬರುತ್ತವೆ. ಅಮ್ಮನ ಬೆರಳು ನನ್ನದಕ್ಕಿಂತ ಚೆನ್ನಾಗಿ ಈ ಕೆಲಸ ಮಾಡಿತು. ಐವತ್ತು ವರ್ಷ ಹಪ್ಪಳದ ಹಿಟ್ಟು ನಾದಿದ ಬೆರಳು. ಅದೇ ತೊಟ್ಟಿಯ ನೀರು ತುಂಬಿದ ಒಂದು ಪ್ಲಾಸ್ಟಿಕ್ ಡಬ್ಬ, ಅದರಲ್ಲಿ ಗಾಳಿಯ ಕಲ್ಲಿನಿಂದ ಸಣ್ಣ ಗುಳ್ಳೆ, ಒಂದು ಒಣಗಿದ ಕಾಡುಬಾದಾಮಿ ಎಲೆ. ನಮ್ಮ ಬೀದಿಯಲ್ಲಿ ಆ ಮರವಿದೆ, ಉದುರಿದ ಕೆಂಪೆಲೆಗಳನ್ನು ತೊಳೆದು ಒಣಗಿಸಿಟ್ಟುಕೊಂಡಿದ್ದೆ. ಅದರ ಒಗರು ನೀರಿಗಿಳಿದು ಟೀ ಬಣ್ಣ ಬರುತ್ತದೆ, ಬೂಷ್ಟು ಹಿಡಿಯುವುದು ಕಡಿಮೆಯಾಗುತ್ತದೆ. ಮೀಥಿಲೀನ್ ಬ್ಲೂ ಎಂಬ ನೀಲಿ ಔಷಧಿಯ ಹನಿ ಹಾಕುವವರೂ ಇದ್ದಾರೆ.

ಬೂಷ್ಟೇ ಇಲ್ಲಿ ದೊಡ್ಡ ಶತ್ರು. ಫಲಿಸದ ಮೊಟ್ಟೆಗೆ ಹತ್ತಿಯಂಥ ಬಿಳಿ ಕೂದಲು ಹುಟ್ಟಿ, ಪಕ್ಕದ ಒಳ್ಳೆಯ ಮೊಟ್ಟೆಯನ್ನೂ ಹಿಡಿಯುತ್ತದೆ. ದಿನಕ್ಕೆ ಎರಡು ಸಲ ಡ್ರಾಪರ್‌ನಿಂದ ಕೆಟ್ಟದ್ದನ್ನು ಹೆಕ್ಕಬೇಕು. ಕಂಚು ಕೋರಿಯ ಮೊಟ್ಟೆಯಾದರೆ ಒಳಗೆ ಬೆಳೆಯುವ ಮರಿಯ ಕಣ್ಣು ಕಪ್ಪು ಚುಕ್ಕಿಯಾಗಿ ಕಂಡು ಯಾವುದು ಬದುಕಿದೆ ಎಂದು ಸುಲಭವಾಗಿ ತಿಳಿಯುತ್ತದೆ. ಬಿಳಿ ಕೋರಿಯ ಮರಿಗೆ ಆ ಕಪ್ಪೇ ಇಲ್ಲ. ಟಾರ್ಚು ಹಿಡಿದು, ಭೂತಗನ್ನಡಿ ಇಟ್ಟು, ತೆಳು ನೆರಳೊಂದು ಅಲುಗುವುದನ್ನು ಹುಡುಕಬೇಕು. ಮೂರನೆಯ ದಿನ ರಾತ್ರಿ ಮಗಳಿಗೆ ಅದು ಮೊದಲು ಕಂಡಿತು. "ಅಜ್ಜೀ, ಇದರೊಳಗೆ ಯಾರೋ ಹೊರಳಿದ್ರು!"

ನಾಲ್ಕನೆಯ ದಿನ ಮೊಟ್ಟೆ ಒಡೆದವು. ಅರವತ್ತಕ್ಕೂ ಹೆಚ್ಚು ಮರಿ. ಒಂದೊಂದೂ ರೆಪ್ಪೆಕೂದಲಿನ ತುಂಡಿನಷ್ಟು, ಹೊಟ್ಟೆಗೆ ಬುತ್ತಿ ಕಟ್ಟಿಕೊಂಡ ಹಾಗೆ ಹಳದಿಯ ಚೀಲ. ಎರಡು ಮೂರು ದಿನ ಆ ಬುತ್ತಿಯೇ ಅವಕ್ಕೆ ಊಟ.

ಅದಾದ ಮೇಲೆ ಕಷ್ಟ ಶುರು. ಆ ಸಲ ಉಳಿದದ್ದು ಒಂಬತ್ತು. ತಪ್ಪು ನನ್ನದೇ. ಅಂಗಡಿಯ ಪುಡಿ ತಿಂಡಿಯನ್ನು ಹಸಿದಾವು ಎಂಬ ಆತಂಕದಲ್ಲಿ ಹೆಚ್ಚು ಹೆಚ್ಚು ಹಾಕಿದೆ. ಅದು ತಳಕ್ಕಿಳಿದು ಕೊಳೆಯಿತು. ಕೋರಿ ಮರಿ ಮೇಲೆ ಈಜುವುದಿಲ್ಲ, ಹುಟ್ಟಿದ ಕ್ಷಣದಿಂದ ತಳಕ್ಕೆ ಹೊಟ್ಟೆ ಹಚ್ಚಿಯೇ ಇರುತ್ತದೆ. ತಳದ ಕೊಳೆ ಎಂದರೆ ಅದರ ಹಾಸಿಗೆಯ ಕೊಳೆ. ಬೆಳಿಗ್ಗೆ ನೋಡಿದರೆ ಹತ್ತು, ಮರುದಿನ ಇನ್ನೂ ಹದಿನೈದು ಸತ್ತಿರುತ್ತಿದ್ದವು. ಮಗಳನ್ನು ಶಾಲೆಗೆ ಕಳಿಸಿದ ಮೇಲೆ ಅವನ್ನು ತೆಗೆಯುತ್ತಿದ್ದೆ.

ಎರಡನೆಯ ಸಲ, ಜೂನ್ ಮಳೆಗೆ, ರೀತಿ ಬದಲಾಯಿಸಿದೆ. ಡಬ್ಬದ ತಳದಲ್ಲಿ ತೆಳುವಾಗಿ ಮರಳು. ದಿನಾ ಏರ್ ಪಂಪಿನ ಸಣ್ಣ ಪೈಪಿನಿಂದ ತಳದ ಕಸ ಹೀರಿ ತೆಗೆದು, ಅಷ್ಟೇ ನೀರನ್ನು ತಾಯಿತೊಟ್ಟಿಯಿಂದ ತುಂಬುವುದು. ಊಟಕ್ಕೆ ಜೀವಂತ ಮೇವು. ಓಟ್ಸ್ ಗಂಜಿಯಲ್ಲಿ ಬೆಳೆಸುವ ಮೈಕ್ರೋವರ್ಮ್ ಎಂಬ, ಕಣ್ಣಿಗೆ ಕಾಣುವುದೇ ಕಷ್ಟವೆನ್ನುವಷ್ಟು ಸಣ್ಣ ಹುಳು ಮೊದಲ ವಾರಕ್ಕೆ. ಆಮೇಲೆ ಆರ್ಟೀಮಿಯಾ. ಇದು ಉಪ್ಪು ಸರೋವರದ ಸಿಗಡಿಯ ಜಾತಿ, ಅಮೆರಿಕದ ಯೂಟಾದ ಗ್ರೇಟ್ ಸಾಲ್ಟ್ ಲೇಕ್‌ನಿಂದ ಇದರ ಮೊಟ್ಟೆಗಳು ಡಬ್ಬಗಳಲ್ಲಿ ಲೋಕವೆಲ್ಲ ಸುತ್ತುತ್ತವೆ. ಒಣಗಿದ ಕಾಫಿಪುಡಿಯಂತೆ ಕಾಣುವ ಆ ಮೊಟ್ಟೆಗಳನ್ನು ಲೀಟರಿಗೆ ಇಪ್ಪತ್ತೈದು ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ, ತಲೆಕೆಳಗು ಮಾಡಿದ ಬಾಟಲಿಯಲ್ಲಿ, ಗಾಳಿ ಹಾಯಿಸಿ ಇಟ್ಟರೆ ಒಂದು ದಿನಕ್ಕೆ ಕಿತ್ತಳೆ ಬಣ್ಣದ ಚುಕ್ಕಿಗಳು ಈಜತೊಡಗುತ್ತವೆ. ಬೆಳಕಿಗೆ ಓಡಿಬರುವ ಗುಣ ಅವುಗಳದು. ಟಾರ್ಚು ಹಿಡಿದು ಒಂದೆಡೆ ಸೇರಿಸಿ, ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ಜಾಲಿಸಿ ಕೊಟ್ಟರೆ, ತಿಂದ ಮರಿಗಳ ಬಿಳಿ ಹೊಟ್ಟೆಯಲ್ಲಿ ಆ ಕಿತ್ತಳೆ ಹೊರಗಿನಿಂದಲೇ ಕಾಣುತ್ತದೆ. ಯಾರು ಉಂಡರು, ಯಾರು ಉಣ್ಣಲಿಲ್ಲ ಎಂಬುದು ಆಲ್ಬಿನೋ ಮರಿಯಲ್ಲಿ ಗುಟ್ಟಾಗಿ ಉಳಿಯುವುದಿಲ್ಲ. ಬಣ್ಣವಿಲ್ಲದ ಮೈಯ ಒಂದು ಉಪಕಾರ ಇದು.

ಆ ಸಲ ಐವತ್ತೆರಡು ಉಳಿದವು. ಎಂಟು ವಾರಕ್ಕೆ ಎರಡು ಸೆಂಟಿಮೀಟರಿನ, ಮೀಸೆ ಮೂಡಿದ, ಕವಚ ಗಟ್ಟಿಯಾದ ಪುಟ್ಟ ಕೋರಿಗಳು.

ಎಲ್ಲವೂ ಬಿಳಿ. ಅದು ಹಾಗೇ ಆಗಬೇಕು. ಬಿಳುಪಿನ ಗುಣ ಮೈಮೇಲೆ ಕಾಣಬೇಕಾದರೆ ತಾಯಿಯಿಂದಲೂ ತಂದೆಯಿಂದಲೂ ಆ ಜೀನ್ ಬರಬೇಕು. ಇಬ್ಬರೂ ಒಂದೇ ಬಗೆಯ ಬಿಳಿಯಾದರೆ ಮಕ್ಕಳೆಲ್ಲ ಬಿಳಿ. ಬಿಳುಪಿನ ಜೀನ್ ಇಲ್ಲದ ಒಂದು ಕಂಚು ಗಂಡನ್ನು ತಂದು ಜೋಡಿ ಮಾಡಿದರೆ ಮರಿಗಳೆಲ್ಲ ಕಂಚಾಗಿ ಹುಟ್ಟುತ್ತವೆ, ಬಿಳುಪನ್ನು ಒಳಗೆ ಗುಟ್ಟಾಗಿ ಹೊತ್ತಿರುತ್ತವೆ. ಆ ಅಣ್ಣತಂಗಿಯರು ಕೂಡಿದರೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಮತ್ತೆ ಬಿಳಿ. ಬಿಳಿಗೆ ಬಿಳಿಯನ್ನೇ, ಅದೇ ಮನೆತನದೊಳಗೇ ತಲೆಮಾರುಗಟ್ಟಲೆ ಜೋಡಿಸುತ್ತ ಹೋದರೆ ಸೊಟ್ಟ ಬೆನ್ನು, ಮುರುಟಿದ ರೆಕ್ಕೆಯ ಮರಿಗಳು ಹೆಚ್ಚುತ್ತವೆ. ಮುಂದಿನ ಪೀಳಿಗೆಗೆ ಒಂದು ಕಂಚು ಗಂಡನ್ನು ತರಬೇಕೆಂದು ನಾನು ತೀರ್ಮಾನಿಸಿರುವುದು ಅದಕ್ಕೇ. ಅಂಗಡಿಯವರಿಗೆ ಕಂಚಿನ ಮರಿಗಳು ಬೇಡವಾಗಬಹುದು. ನನಗೆ ಬೇಕು.

ಮರಿಗಳನ್ನು ಕೊಟ್ಟದ್ದು ಗೊತ್ತಿರುವ ಮನೆಗಳಿಗೆ, ಆರಕ್ಕೆ ಕಡಿಮೆ ಇಲ್ಲದಂತೆ. ಬಲೆಯಲ್ಲಿ ಹಿಡಿದರೆ ರೆಕ್ಕೆಯ ಮುಳ್ಳು ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಲೋಟದಲ್ಲಿ ಮೊಗೆದು ಕೊಡುತ್ತೇನೆ. ಬೆದರಿದ ಕೋರಿ ಮುಳ್ಳಿನ ಬುಡದಿಂದ ಒಂದು ನಂಜಿನ ದ್ರವ ಬಿಡುತ್ತದೆ, ಪುಟ್ಟ ಕವರಿನ ನೀರಲ್ಲಿ ಅದು ಅದಕ್ಕೇ ಮುಳುವಾಗುತ್ತದೆ, ಹಾಗಾಗಿ ದೂರದ ಊರಿಗೆ ಕಳಿಸುವುದಿಲ್ಲ. ಪ್ರತಿಯೊಬ್ಬರಿಂದಲೂ ಒಂದು ಮಾತು ತೆಗೆದುಕೊಳ್ಳುತ್ತೇನೆ: ಸಾಕಲಾಗದಿದ್ದರೆ ನನಗೇ ವಾಪಸ್ ಕೊಡಿ, ಕೆರೆಗೆ ಬಿಡಬೇಡಿ. ತೊಟ್ಟಿಯಿಂದ ಕೆರೆಗೆ ಬಿಟ್ಟ ದಕ್ಷಿಣ ಅಮೆರಿಕದ ಸಕ್ಕರ್ ಮೀನುಗಳು ಇವತ್ತು ನಮ್ಮ ದೇಶದ ಎಷ್ಟೋ ನೀರುಗಳಲ್ಲಿ ಬೆಸ್ತರ ಬಲೆ ಹರಿಯುತ್ತ, ಊರಮೀನಿನ ಜಾಗ ನುಂಗುತ್ತ ಕೂತಿವೆ. ಬಿಟ್ಟವರು ಯಾರೂ ಕೆಟ್ಟವರಲ್ಲ, ಪಾಪ ಬದುಕಿಕೊಳ್ಳಲಿ ಎಂದು ಬಿಟ್ಟವರೇ.

ಅಮ್ಮ ಮೇ ತಿಂಗಳಲ್ಲೇ ಊರಿಗೆ ಹೋದಳು. ಮರಿಗಳ ಲೆಕ್ಕ ಫೋನಿನಲ್ಲೇ ಒಪ್ಪಿಸುತ್ತಿದ್ದೇನೆ. ಹೋದ ವಾರ ಸಂಜೆ ಅವಳೇ ಮಾಡಿದಳು. ಹಿಂದೆ ಹೆಂಚಿನ ಮೇಲೆ ಮಳೆ ಸುರಿಯುವ ಸದ್ದು, ಮಾತು ಸರಿಯಾಗಿ ಕೇಳಿಸದು.

"ಇಲ್ಲಿ ಮತ್ತೆ ಹಿಡೀತು ಕಣೇ. ಹಳ್ಳ ಏರಿದೆ, ಕೆಂಪು ನೀರು. ಅಲ್ಲಿ?"

ಕಿಟಕಿಯಿಂದ ನೋಡಿದೆ. ಮೋಡ ಕವಿದಿತ್ತು, ಹನಿ ಬಿದ್ದಿರಲಿಲ್ಲ. ಆಚೆಬದಿಯ ತೆಂಗಿನ ಗರಿಗಳು ಅಲುಗದೆ ನಿಂತಿದ್ದವು. ತೊಟ್ಟಿಯಲ್ಲಿ ಆ ದೊಡ್ಡ ಹೆಣ್ಣು, ಒಂದು ಕಾಲಕ್ಕೆ ಬೆನ್ನ ಮೇಲೆ ಸೂಜಿಯ ಗುಲಾಬಿ ಹೊತ್ತಿದ್ದದ್ದು, ಗಾಜಿನ ಒಂದು ಜಾಗವನ್ನು ಬಾಯಿಯಿಂದ ಉಜ್ಜುತ್ತಿತ್ತು.

"ಇನ್ನೂ ಬಂದಿಲ್ಲಮ್ಮ" ಅಂದೆ. "ಇದಕ್ಕೆ ಗೊತ್ತಾಗಿದೆ."

ಫೋನ್ ಇಟ್ಟು ಬಕೆಟ್ ತರಲು ಎದ್ದೆ.